ಸುಗಲಾಬಾಯಿ ಗುಮ್ಮಟ ನೋಡಿದ್ದು

ವಿಜಯಪುರದ ಇತಿಹಾಸವನ್ನು ಮುಂದೆ ಯಾರಾದರೂ ಮನಸ್ಸಿಟ್ಟು ಬರೆದರೆ, ಆದಿಲಶಾಹಿಗಳ ಏಳಿಗೆಗೆ ಒಂದು ಅಧ್ಯಾಯ, ಔರಂಗಜೇಬನ ಮುತ್ತಿಗೆಗೆ ಒಂದು ಅಧ್ಯಾಯ ಕೊಟ್ಟ ಮೇಲೆ, ಮೂರನೆಯದನ್ನು ಮುರಿಗೆಪ್ಪ ತಾಳಿಕೋಟಿಯ ಕೆಮ್ಮಿಗೆ ಮೀಸಲಿಡದೆ ಗತ್ಯಂತರವಿಲ್ಲ.

ಅದು ನೆಗಡಿಯ ಕೆಮ್ಮಲ್ಲ, ಕಸುಬಿನ ಕೆಮ್ಮು. ಗೋಳಗುಮ್ಮಟದ ಗೈಡುಗಳಲ್ಲಿ ಮುರಿಗೆಪ್ಪನೇ ಹಿರಿಯ. ಪ್ರವಾಸಿಗಳನ್ನು ಮೇಲಿನ ಗ್ಯಾಲರಿಗೆ ಹತ್ತಿಸಿ, ಅವರು ಏದುಸಿರು ಬಿಡುತ್ತಿರುವಾಗಲೇ ನರ್ತಕಿ ರಂಭೆಯ ಕಥೆ ತೆಗೆಯುತ್ತಿದ್ದ. "ಬಾದಶಹಾ ಕೇಳಿದ, ರಂಭಾ, ನನ್ನ ಮ್ಯಾಲ ನಿನಗ ಅಷ್ಟು ಪ್ರೀತಿ ಇದ್ರ ಇಲ್ಲಿಂದ ಕೆಳಗ ಹಾರ್ತೀ ಏನು?" ಎಂದು ಕೇಳಿ, ಸರಿಯಾಗಿ ಅಲ್ಲಿ ಒಮ್ಮೆ ಕೆಮ್ಮುತ್ತಿದ್ದ. ಗುಮ್ಮಟ ಆ ಕೆಮ್ಮನ್ನು ಏಳು ಸಲ ತಿರುಗಿ ಕೆಮ್ಮುತ್ತಿತ್ತು. ಅಷ್ಟು ಹೊತ್ತು ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಏಳನೆಯದು ಸತ್ತ ಮೇಲೆ ಮುರಿಗೆಪ್ಪ ಮೆಲ್ಲಗೆ, "ಹಾರಿದಳು," ಅನ್ನುತ್ತಿದ್ದ. ಒಮ್ಮೆ ಒಬ್ಬ ನಿವೃತ್ತ ನ್ಯಾಯಾಧೀಶರು ಇಲ್ಲಿ ಕನ್ನಡಕ ಕೆಳಗೆ ಬೀಳಿಸಿಕೊಂಡಿದ್ದರು. ಉಳಿದ ಗೈಡುಗಳೂ ಪ್ರಯತ್ನಪಟ್ಟರು. ಅವರಿಂದಾದದ್ದು ಬರೀ ಕೆಮ್ಮು.

ಆದ್ದರಿಂದ ಪ್ರವಾಸಿಗಳ ಕಿವಿಯಲ್ಲಿ ಊರಿನ ಕಥೆ ಹೇಳುವ ಯಂತ್ರವನ್ನು ಒಂದು ಕಂಪನಿಯವರು ತಂದಾಗ ಮೊದಲು ಬೇಡಿದ್ದೇ ಮುರಿಗೆಪ್ಪನ ಧ್ವನಿಯನ್ನು, ಕೆಮ್ಮಿನ ಸಮೇತ.

ಯಂತ್ರದ ಹೆಸರು ಕಿವಿಗೆಳೆಯ. ಹುಣಸೆಬೀಜದಷ್ಟಿತ್ತು. ಕಿವಿಯ ಹಾಲೆಗೆ ಸಿಕ್ಕಿಸಿದರೆ ಅದರಿಂದ ಸಣ್ಣ ಬೆಳಕೊಂದು ಹಾಲೆಯೊಳಗೆ ಹಾಯ್ದು, ರಕ್ತ ಎಷ್ಟು ಜೋರಾಗಿ ಓಡುತ್ತಿದೆ, ಚರ್ಮ ಎಷ್ಟು ಬೆವರಿದೆ ಎಂದು ಅಳೆಯುತ್ತಿತ್ತು. ಕೇಳುವವರಿಗೆ ಕಥೆ ಹಿಡಿಸಿದರೆ ನಿಯಂತ್ರಣ ಕೋಣೆಯ ಪರದೆಯ ಮೇಲೆ ಹಸಿರು ಗೆರೆ ಏರುತ್ತದೆ, ಬೇಸರ ಬಂದರೆ ಮಲಗುತ್ತದೆ. ಮಲಗಿದ ಕೂಡಲೇ ಯಂತ್ರ ಮಾತು ಬದಲಿಸುತ್ತದೆ. ಭಕ್ತರಿಗೆ ಬಾದಶಹನನ್ನು ಭಕ್ತನನ್ನಾಗಿ ಮಾಡುತ್ತದೆ, ಇಂಜಿನಿಯರುಗಳಿಗೆ ಕಮಾನಿನ ಲೆಕ್ಕ ಹೇಳುತ್ತದೆ, ಹೊಸದಾಗಿ ಮದುವೆಯಾದವರಿಗೆ ರಂಭೆಯೊಬ್ಬಳನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದಕ್ಕೆ ಇತಿಹಾಸ ಗೊತ್ತಿರಲಿಲ್ಲ, ಗೆರೆ ಗೊತ್ತಿತ್ತು. ಹಾಗೆ ನೋಡಿದರೆ ಗೈಡುಗಳೂ ಇಷ್ಟು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದರು. ಅವರು ಗೆರೆಯ ಬದಲು ಮುಖ ನೋಡುತ್ತಿದ್ದರು, ಅಷ್ಟೇ.

ಕಂಪನಿಯ ಪರವಾಗಿ ಬಂದವಳು ರೇಷ್ಮಾ ಬಾಗವಾನ. ಅವಳಪ್ಪ ಗುಮ್ಮಟದ ಗೇಟಿನ ಮುಂದೆ ದ್ರಾಕ್ಷಿ ಮಾರುತ್ತಿದ್ದವನು. ಮುರಿಗೆಪ್ಪನ ಕಥೆ ಕೇಳುತ್ತಲೇ ಬೆಳೆದ ಹುಡುಗಿ ಅವಳು. ಈಗ ಧ್ವನಿಶಾಸ್ತ್ರ ಓದಿ, ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡು ಬಂದು, "ಕಾಕಾ, ಇದು ಪರಭಾಷೆಯವರಿಗೆ ಮಾತ್ರ. ಕನ್ನಡ ಮಂದಿ ನಿಮಗ ಇದ್ದೇ ಇರ್ತಾರ. ನಿಮ್ಮ ಧ್ವನಿ ಜಪಾನಿ ಮಾತಾಡ್ತದ ನೋಡ್ರಿ ಇನ್ನು," ಅಂದಳು. ತನ್ನ ಧ್ವನಿ ಜಪಾನಿ ಮಾತಾಡುವುದನ್ನು ಯಾವ ಗೈಡು ಬೇಡ ಅಂದಾನು? ಸಂಘದ ಅಧ್ಯಕ್ಷನಾಗಿ ಎಲ್ಲರ ಪರವಾಗಿ ಅವನೇ ಒಪ್ಪಿಕೊಂಡ. ದಸ್ತಗೀರ ಮುಲ್ಲಾ ಒಬ್ಬ, ಅವನ ಜೊತೆಯ ಗೈಡು, "ಮುರಿಗೆಪ್ಪಣ್ಣ, ಹುಂಜ ತನ್ನ ಕೂಗು ಮಾರಿದ್ರ ಆಮ್ಯಾಲ ಮನ್ಯಾಗ ಯಾಕ ಇಟ್ಕೋತಾರ?" ಎಂದು ಕೇಳಿದ್ದ. ಅವನದು ಯಾವಾಗಲೂ ಇಂಥದೇ ಮಾತು ಎಂದು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ವರ್ಷ ತುಂಬುವುದರೊಳಗೆ ಸ್ಮಾರಕ ಮಂಡಳಿ ತಿಳಿಸಿತು: ಇನ್ನು ಮುಂದೆ ಎಲ್ಲ ಭಾಷೆಯವರಿಗೂ ಕಿವಿಗೆಳೆಯನೇ. ಗೈಡುಗಳು ಗಲಾಟೆ ಮಾಡಿದರು. ಮಂಡಳಿಯವರು ಗಲಾಟೆಗೆ ಅಂಜದಿದ್ದರೂ ಟೀವಿಯವರಿಗೆ ಅಂಜಿ, ಒಂದು ಪರೀಕ್ಷೆ ಇಟ್ಟರು. ಒಬ್ಬನೇ ಕೇಳುಗ. ಬೆಳಿಗ್ಗೆ ಮನುಷ್ಯ ಊರು ತೋರಿಸಬೇಕು, ಮಧ್ಯಾಹ್ನ ಯಂತ್ರ. ಯಾರ ಪಾಳಿಯಲ್ಲಿ ಗೆರೆ ಹೆಚ್ಚು ಏರುತ್ತದೋ ಅವರದೇ ಗುಮ್ಮಟ. ಕೇಳುಗನನ್ನು ಗೈಡುಗಳೇ ಆರಿಸಲಿ ಎಂದು ರೇಷ್ಮಾ ಉದಾರವಾಗಿ ಹೇಳಿದಳು. ಒಂದೇ ಷರತ್ತು: ಊರಿನವರಾಗಿರಬೇಕು, ಆದರೆ ಗೈಡಿನ ಕಥೆಯನ್ನು ಹಿಂದೆಂದೂ ಕೇಳಿರಬಾರದು.

ಸಂಘದ ಸಭೆ ಇಲ್ಲೇ ಸಿಕ್ಕಿಹಾಕಿಕೊಂಡಿತು. ಭಜಿ ಮಾರುವವನಿಗೆ ಕಥೆ ಬಾಯಿಪಾಠ, ಟಾಂಗಾದವರಿಗೆ ಬಾಯಿಪಾಠ, ಟಾಂಗಾದ ಕುದುರೆಗೆ ಮಾತು ಬಂದಿದ್ದರೆ ಅದೂ ಹೇಳುತ್ತಿತ್ತು. ಹಾಗೆ ಕೇಳದವರು ಊರಿನಲ್ಲಿ ಯಾರಿದ್ದಾರೆ?

ಗೈಡುಗಳ ಹೆಂಡಿರು.

ಇದು ಈ ಕಸುಬಿನ ಹಳೆಯ ಕಟ್ಟಳೆ. ಗೈಡು ತನ್ನ ಹೆಂಡತಿಯನ್ನು ಟೂರಿಗೆ ಕರೆದೊಯ್ಯಬಾರದು. ಹಿಂದಿನ ಕಾಲದ ಗೈಡೊಬ್ಬ ಹಾಗೆ ಕರೆದೊಯ್ದಿದ್ದನಂತೆ. ಅವನು ಬಾದಶಹನಿಗೆ ನೂರು ಮಂದಿ ಹೆಂಡಿರು ಅನ್ನುತ್ತಿದ್ದ ಹಾಗೇ ಹಿಂದಿನಿಂದ ಅವಳು, "ನಿನ್ನೆ ಊಟ ಮಾಡುವಾಗ ಮೂರು ಅಂದಿದ್ರಿ," ಅಂದಳಂತೆ. ಅಂದಿನಿಂದ ಯಾರ ಹೆಂಡತಿಯೂ ಗುಮ್ಮಟದ ಮೆಟ್ಟಿಲು ಹತ್ತಿದ್ದಿಲ್ಲ.

"ನಮ್ಮ ಸುಗಲಾಬಾಯಿ ಬರ್ತಾಳ," ಅಂದ ಮುರಿಗೆಪ್ಪ. "ಹೆಂಡ್ತಿ ಆದಾಕಿ ಗಂಡನ ಕೈ ಬಿಡ್ತಾಳೇನು?"

"ಕೈ ಬಿಡೂದಿಲ್ಲ," ಅಂದ ದಸ್ತಗೀರ. "ಆದ್ರ ಅವರು ಅಳಿಯೂದು ಕಿವಿ, ಅಣ್ಣ."

*

ಸುಗಲಾಬಾಯಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಕಿಟಕಿಯಿಂದ ಗುಮ್ಮಟದ ನೆತ್ತಿ ಕಾಣುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಅವಳಿಗೆ ಅದು ಕಂಡದ್ದು ಅಷ್ಟೇ.

"ನಾಳಿ ನಿನಗ ಊರು ತೋರಸ್ತೀನಿ," ಅಂದ ಮುರಿಗೆಪ್ಪ.

"ಯಾವ ಊರು?"

"ಇದ ಊರು."

ಅವಳು ದಾರ ಕಡಿದು, ಗಂಡನ ಹಣೆ ಮುಟ್ಟಿ ನೋಡಿದಳು. "ಜ್ವರ ಅಂತೂ ಇಲ್ಲ. ಲಗ್ನಾದ ಹೊಸದಾಗಿ ನಾನ ಕೇಳಿದ್ದೆ, ನೆಪ್ಪದ ಇಲ್ಲೋ? ಗೈಡನ ಹೆಂಡ್ತಿ ಗುಮ್ಮಟ ಹತ್ತಿದ್ರ ಕಥಿ ಕೆಡ್ತದ ಅಂದಿದ್ರಿ. ನಮ್ಮವ್ವ, ಅಲ್ಲೇನು ದೆವ್ವ ಅದ ಏನವಾ ಅಂತ ಕೇಳಿದ್ಲು. ಈಗ ಕೆಡಂಗಿಲ್ಲೇನು?"

"ಈಗ ಕಥಿ ಉಳೀಬೇಕಾಗ್ಯದ." ಅವನು ಪರೀಕ್ಷೆಯ ವಿಷಯ ಹೇಳಿದ. ಹನ್ನೆರಡು ಗೈಡುಗಳ ಮನೆಯ ಅನ್ನ ಅವಳ ಕಿವಿಯ ಹಾಲೆಗೆ ಜೋತುಬಿದ್ದಿದೆ ಎಂದ. "ನೀ ಏನೂ ಮಾಡೂದು ಬ್ಯಾಡ. ನಾ ಹೇಳುವಾಗ ಹುರುಪಾಗು. ಯಂತ್ರ ಹೇಳುವಾಗ ಜ್ವಾಳ ಹಸನ ಮಾಡೂ ವಿಚಾರ ಮಾಡ್ಕೋತ ಅಡ್ಡಾಡು."

"ಹುರುಪಾಗೂದು ಹೆಂಗ್ರೀ? ಒಮ್ಮಿ ಮಾಡಿ ತೋರಸ್ರಿ."

ಮುರಿಗೆಪ್ಪ ಕಣ್ಣರಳಿಸಿ, ಬಾಯಿ ತೆರೆದು ತೋರಿಸಿದ. ಸುಗಲಾಬಾಯಿ ನಕ್ಕು ನಕ್ಕು ಹೊಲಿಗೆ ಸೊಟ್ಟ ಹಾಕಿದಳು. ಆದರೂ ಹಬ್ಬಕ್ಕೆ ಎತ್ತಿಟ್ಟಿದ್ದ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು ಗಾಳಿಗೆ ಹಾಕಿದಳು. ಅದನ್ನು ನೋಡಿ ಮುರಿಗೆಪ್ಪನಿಗೆ ಅರ್ಧ ಗೆದ್ದಷ್ಟು ಸಮಾಧಾನವಾಯಿತು.

*

ಬೆಳಗಿನ ಟೂರು ಇಬ್ರಾಹಿಂ ರೋಜಾದಿಂದ ಶುರುವಾಯಿತು. ಸುಗಲಾಬಾಯಿಯ ಕಿವಿಯಲ್ಲಿ ಹುಣಸೆಬೀಜ ಮೂಕವಾಗಿ ಕುಳಿತು ಬರೀ ಅಳೆಯುತ್ತಿತ್ತು. ಮುರಿಗೆಪ್ಪ ಎಂದಿನಂತೆ ಕೊಡೆ ಮೇಲೆತ್ತಿ ಹಿಡಿದು ಮುಂದೆ ಮುಂದೆ ನಡೆದ. ಅಭ್ಯಾಸಬಲದಿಂದ, "ಬರ್ರಿ ಮೇಡಂ, ಹಿಂಗ ಬರ್ರಿ," ಎಂದ. "ಮೇಡಂ ಬಂದಾಳ್ರೀ," ಎಂದು ಹಿಂದಿನಿಂದ ಉತ್ತರ ಬಂತು. ಮೊಣಕಾಲಿಗೆ ಕೈ ಕೊಟ್ಟುಕೊಂಡು ಅವಳು ಒಂದೊಂದೇ ಮೆಟ್ಟಿಲು ಏರುತ್ತಿದ್ದಳು.

ಮಲಿಕ್-ಎ-ಮೈದಾನ ತೋಪಿನ ಬಾಯೊಳಗೆ ಕೈ ಹಾಕಿ ನೋಡಿದಳು. "ಉರಿಬಿಸಲಾಗೂ ತಣ್ಣಗದ ನೋಡ್ರಿ," ಅಂದಳು. ಬಾರಾ ಕಮಾನಿನ ಮುಂದೆ ಮುರಿಗೆಪ್ಪ ಎದೆಯುಬ್ಬಿಸಿ, "ಇದು ಪೂರಾ ಆಗಿದ್ರ ಇದರ ನೆರಳು ಗೋಳಗುಮ್ಮಟದ ಮ್ಯಾಲ ಬೀಳ್ತಿತ್ತು. ಅದಕ್ಕ ಅರ್ಧಕ್ಕ ನಿಲ್ಲಿಸಿದ್ರು," ಎಂದ.

ಅವಳು ಕಮಾನು ನೋಡಿದಳು, ಪೂರ್ವಕ್ಕೆ ಗುಮ್ಮಟದ ಕಡೆ ನೋಡಿದಳು. "ಅಷ್ಟು ದೂರ ನೆರಳು ಹೋಗ್ತದೇನ್ರೀ? ನಮ್ಮ ಮಾಳಗಿ ನೆರಳು ಬಾಜೂ ಮನಿ ಅಂಗಳಾನೂ ಮುಟ್ಟಂಗಿಲ್ಲ."

"ಖರೇ ಅದ. ಮಂದಿ ಹೇಳ್ತಾರ."

"ಯಾವ ಮಂದಿ?"

ಹೇಳುವ ಮಂದಿ ಇವರು ಹನ್ನೆರಡು ಜನರೇ ಆಗಿದ್ದರಿಂದ ಮುರಿಗೆಪ್ಪ ಟಾಂಗಾ ಹತ್ತಿದ.

ಗುಮ್ಮಟದ ಗ್ಯಾಲರಿಯಲ್ಲಿ ಅವಳನ್ನು ಒಂದು ಕಡೆ ಕೂರಿಸಿ, ತಾನು ಎದುರಿನ ತುದಿಗೆ ಹೋಗಿ ಗೋಡೆಯ ಬಳಿ ಒಂದು ಕಾಗದ ಹರಿದ. ಆ ಕಡೆ ಅವಳು ಬೆಚ್ಚಿ, ಗೋಡೆಗೆ ಕಿವಿ ಹಚ್ಚಿ, ಸಣ್ಣ ಹುಡುಗಿಯಂತೆ ನಕ್ಕಳು. ಗೆದ್ದೆ ಅಂದುಕೊಂಡ ಮುರಿಗೆಪ್ಪ. ಅದೇ ಹುರುಪಿನಲ್ಲಿ ರಂಭೆಯನ್ನು ಕರೆತಂದು, ಕಟಾಂಜನದ ಅಂಚಿಗೆ ನಿಲ್ಲಿಸಿ, ಜನ್ಮದಲ್ಲಿ ಕೆಮ್ಮದಷ್ಟು ಚಂದಾಗಿ ಕೆಮ್ಮಿದ. ಗುಮ್ಮಟ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಮೂರನೆಯದು ಮುಗಿಯುವಷ್ಟರಲ್ಲಿ ಆಚೆ ತುದಿಯಿಂದ ಧ್ವನಿ ಬಂತು: "ರೀ, ಹಿಪ್ಪಲಿ ಹಾಕಿ ಕಾಸಿ ಕೊಡ್ತೀನಿ ಅಂದ್ರ ಕೇಳಂಗಿಲ್ಲ ನೀವು!"

ಗುಮ್ಮಟ ಹಿಪ್ಪಲಿಯನ್ನೂ ಏಳು ಸಲ ಹೇಳಿತು. ಆ ಗದ್ದಲದಲ್ಲಿ ರಂಭೆ ಹಾರಿದ್ದು ಯಾರಿಗೂ ಕೇಳಿಸಲಿಲ್ಲ.

*

ನಿಯಂತ್ರಣ ಕೋಣೆ ವಸ್ತುಸಂಗ್ರಹಾಲಯದ ಹಿಂದಿತ್ತು. ಮಧ್ಯಾಹ್ನ ಸುಗಲಾಬಾಯಿಯನ್ನು ಯಂತ್ರದ ಜೊತೆ ಕಳಿಸಿ, ಮುರಿಗೆಪ್ಪ, ದಸ್ತಗೀರ ಅಲ್ಲಿ ಪರದೆಯ ಮುಂದೆ ಕುಳಿತರು. ರೇಷ್ಮಾ ಚಾ ತರಿಸಿದಳು. ಬೆಳಗಿನ ಗೆರೆಯನ್ನು ಪರದೆಯ ಮೇಲ್ಭಾಗದಲ್ಲಿ ಇಟ್ಟಿದ್ದಳು. ಕಾಗದ ಹರಿದಲ್ಲಿ ಒಂದು ಗುಡ್ಡ, ಕೆಮ್ಮಿದಲ್ಲಿ ಒಂದು ಗುಡ್ಡ. ಎರಡನೆಯದು ಗಂಡನ ಎದೆಯ ಕಾಳಜಿಯಿಂದ ಎದ್ದ ಗುಡ್ಡವೆಂದು ಯಂತ್ರಕ್ಕೆ ತಿಳಿಯುವ ಹಾಗಿರಲಿಲ್ಲ, ಅದೂ ಲೆಕ್ಕಕ್ಕೆ ಬಂದಿತ್ತು. ಉಳಿದದ್ದು ಜೋಳದ ಹೊಲದಂತೆ ಸಪಾಟ.

ಸುಗಲಾಬಾಯಿಯ ಕಿವಿಯಲ್ಲಿ ನಡೆಯುವ ಮಾತೆಲ್ಲ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೇಳುತ್ತಿತ್ತು. ಅದರಿಂದ ಮುರಿಗೆಪ್ಪನ ಧ್ವನಿ ಹೊರಟಿತು. ರೋಜಾ ಕಟ್ಟಿಸಿದವರು, ಕಲ್ಲಿನ ಜಾಲರಿ, ಮಿನಾರು. ಕೆಳಗಿನ ಗೆರೆ ಮಲಗಿತ್ತು.

"ಮಲಗ್ಯದ," ಅಂದ ದಸ್ತಗೀರ ಸಂತೋಷದಿಂದ.

"ನನ್ನ ಹೆಂಡ್ತಿ ಅಂದ್ರ ಏನಂತ ತಿಳದೀ?" ಅಂದ ಮುರಿಗೆಪ್ಪ.

ಆಗ ಪೆಟ್ಟಿಗೆಯ ಧ್ವನಿ ಮಿನಾರನ್ನು ಅರ್ಧಕ್ಕೆ ಬಿಟ್ಟಿತು. "ಸುಗಲಾ, ಮೊಣಕಾಲು ನೋಯಾಕತ್ತಾವೇನು? ಅಲ್ಲಿ ನೆರಳಾಗ ಕೂಡ್ರು ಸ್ವಲ್ಪ. ಗೋರಿ ಎಲ್ಲಿ ಓಡಿ ಹೋಗ್ತದ?"

ಗೆರೆ ನಿದ್ದೆಯಿಂದ ಎದ್ದು ಕುಳಿತಿತು.

"ಅಕಿ ಹೆಸರು, ಮೊಣಕಾಲು ಅದಕ್ಕ ಹೆಂಗ ಗೊತ್ತು?" ಎಂದ ಮುರಿಗೆಪ್ಪ.

"ಹೆಸರು ನಾವ ಹಾಕ್ತೀವಿ. ಮೊಣಕಾಲು ನಡಿಗಿ ಮ್ಯಾಲ ಅದ ತಿಳಕೋತದ, ಕಾಕಾ," ಎಂದಳು ರೇಷ್ಮಾ. ಚಾದ ಲೋಟವನ್ನು ಇದ್ದಲ್ಲಿಂದ ಸ್ವಲ್ಪ ಸರಿಸಿ ಮತ್ತೆ ಅಲ್ಲೇ ಇಟ್ಟಳು.

ಆಮೇಲೆ ಯಂತ್ರ ಇಸವಿಗಳ ಗೊಡವೆಗೆ ಹೋಗಲೇ ಇಲ್ಲ. ನೀರು ಕುಡಿದಿಯಾ ಅಂತು. ಈ ಕಲ್ಲಿನ ಜಾಲರಿಯ ನಮೂನೆಯನ್ನು ಜಂಪರಿನ ತೋಳಿಗೆ ಹಾಕಿದರೆ ಹೇಗೆ ಕಂಡೀತು ಅಂತು. ಸುಗಲಾಬಾಯಿ ನಿಂತು ಗಂಭೀರವಾಗಿ, "ಕಾಜಾ ಹೊಲಿಗಿ ಹಾಕಬೇಕಾಗ್ತದ, ಭಾಳ ಹೊತ್ತು ಹಿಡೀತದ," ಎಂದು ಉತ್ತರ ಕೊಟ್ಟಳು. ಗೆರೆ ಮೆಟ್ಟಿಲು ಹತ್ತಿದಂತೆ ಹತ್ತುತ್ತಿತ್ತು.

ಗುಮ್ಮಟದ ಗ್ಯಾಲರಿಯಲ್ಲಿ ರಂಭೆ ಮತ್ತೆ ಬಂದಳು. "ಬಾದಶಹಾ ಕೇಳಿದ, ರಂಭಾ, ಪ್ರೀತಿ ಇದ್ರ ಹಾರ್ತೀ ಏನು? ಅದಕ್ಕ ರಂಭಾ ಅಂದ್ಲು, ಹುಜೂರ್, ಪ್ರೀತಿ ಇಬ್ಬರದೂ ಹೌದಿಲ್ಲೋ? ಮೊದಲ ನೀವು ಹಾರ್ರಿ."

ಸುಗಲಾಬಾಯಿ ಗೊಳ್ಳೆಂದು ನಕ್ಕಳು. ಗುಮ್ಮಟ ಅವಳ ನಗುವನ್ನು ಏಳು ಸಲ ನಕ್ಕಿತು. ಕೋಣೆಯ ಗೋಡೆಯಾಚೆಗೂ ಕೇಳಿಸಿತೆಂದು ದಸ್ತಗೀರ ಇಂದಿಗೂ ಆಣೆಯಿಟ್ಟು ಹೇಳುತ್ತಾನೆ.

"ಸುಳ್ಳು!" ಮುರಿಗೆಪ್ಪ ಎದ್ದು ನಿಂತ. "ಹಂಗ ಆಗೇ ಇಲ್ಲ! ರಂಭಾ ಹಾರ್ಯಾಳ!"

"ನೀ ನೋಡಿದ್ಯೇನಣ್ಣ?" ಎಂದ ದಸ್ತಗೀರ ಬೇಸರದಿಂದ.

ಆಚೆ ಸುಗಲಾಬಾಯಿ, "ಬಾದಶಹಾ ಏನಂದ ಮತ್ತ?" ಎಂದು ಕೇಳುತ್ತಿದ್ದಳು.

"ಏನಂತಾನ? ಕೆಮ್ಮಿದ," ಎಂದು ಯಂತ್ರ ಕೆಮ್ಮಿತು. ಮುರಿಗೆಪ್ಪನ ಕೆಮ್ಮು, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲ. ಕಿವಿಯೊಳಗಿನ ಕೆಮ್ಮಿಗೆ ಪ್ರತಿಧ್ವನಿ ಬೇಕಾಗಲಿಲ್ಲ.

ಪರದೆಯ ಮೇಲೆ ಎರಡೂ ಗೆರೆಗಳು ಸಮಸಮವಾಗಿದ್ದವು. ಇಲ್ಲಿಗೆ ನಿಂತಿದ್ದರೂ ಗೈಡುಗಳಿಗೆ ಒಂದು ವಾದ ಉಳಿಯುತ್ತಿತ್ತು. ಆದರೆ ನಗು ಇಳಿದು ಗೆರೆ ಬಾಗತೊಡಗಿದ್ದನ್ನು ಕಂಡು ಯಂತ್ರ ತನ್ನ ಉಗ್ರಾಣದಲ್ಲೆಲ್ಲ ಹುಡುಕಿ, ಇನ್ನೊಂದು ಸರಕು ತೆಗೆಯಿತು. ಧ್ವನಿ ತಗ್ಗಿತು. ಗ್ಯಾಲರಿಯ ಧ್ವನಿಯಲ್ಲ, ಹೊರಸಿನ ಮೇಲೆ ಕುಳಿತು ಮಾತಾಡುವ ಧ್ವನಿ.

"ಸುಗಲಾ, ನೀ ಮಷೀನ ತುಳಿಯುವಾಗ ಹಾಡ್ತಿ. ಸಂಜೀಕ ಬಂದಾವ ನಾ ಕೂಡಲೇ ಒಳಗ ಬರಂಗಿಲ್ಲ. ಬಂದ್ರ ನೀ ಹಾಡು ನಿಲ್ಲಸ್ತಿ. ಚಪ್ಪಲಿ ಕಳದು ಬಾಗಲ ಹೊರಗ ನಿಂತಿರ್ತೀನಿ. ಹಾಡು ಮುಗದ ಮ್ಯಾಲ ಕೆಮ್ಮಿ ಒಳಗ ಬರ್ತೀನಿ."

ಗೆರೆ ಪರದೆಯ ನೆತ್ತಿ ಮುಟ್ಟಿ, ಮೇಲೆ ಜಾಗವಿಲ್ಲದೆ ಅಲ್ಲೇ ನಡುಗುತ್ತ ನಿಂತಿತು. ಪೆಟ್ಟಿಗೆಯಲ್ಲಿ ಸುಗಲಾಬಾಯಿ ಉಸಿರಾಡುವುದಷ್ಟೇ ಕೇಳುತ್ತಿತ್ತು.

ದಸ್ತಗೀರ ಮುರಿಗೆಪ್ಪನ ಮುಖ ನೋಡಿದ. "ಇದೂ ಸುಳ್ಳೇನು?"

ಮುರಿಗೆಪ್ಪ ರೇಷ್ಮಾಳ ಕಡೆ ತಿರುಗಿದ. ಧ್ವನಿ ಮುದ್ರಿಸಿಕೊಳ್ಳುವ ದಿನಗಳಲ್ಲಿ, ಒಂದು ಬಿಡುವಿನಲ್ಲಿ, ರೇಷ್ಮಾ ಚಾ ಕೊಟ್ಟು, "ಈ ಕೆಮ್ಮು ಎಲ್ಲಿ ಕಲತ್ರಿ ಕಾಕಾ?" ಎಂದು ಕೇಳಿದ್ದಳು. ಮನೆಯ ಬಾಗಿಲಲ್ಲಿ ಕಲಿತೆ ಎಂದು ಅವನು ಹೇಳಿದ್ದ. ಹೆಂಡತಿಗೂ ಹೇಳದ ಮಾತನ್ನು, ತನ್ನ ಕಣ್ಣಮುಂದೆ ಬೆಳೆದ ಹುಡುಗಿ ಎಂದು ಹೇಳಿದ್ದ.

"ನೀ ಅವತ್ತು ರೆಕಾರ್ಡಿಂಗ್ ಬಂದ್ ಮಾಡೀನಿ ಅಂದಿದ್ದಿ," ಎಂದ.

ರೇಷ್ಮಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕಥಿ ಹೇಳುವಾಗಿನದು ನಿಮ್ಮ ದಂಧೆ ಧ್ವನಿ, ಕಾಕಾ. ಮನುಷ್ಯನ ಧ್ವನಿ ಬಂದ್ ಮಾಡೀನಿ ಅಂದ ಮ್ಯಾಲ ಬರ್ತದ. ಎಲ್ಲಾ ಊರಾಗೂ ಹಿಂಗ ಮಾಡ್ತೀವಿ."

"ಆರಿಸು ಅದನ್ನ."

"ಪರೀಕ್ಷಾ ನಡುವ ಆರಿಸಿದ್ರ ನೀವು ಸೋತಂಗ."

"ನಾ ಈಗೇನು ಗೆದ್ದೀನಾ?"

ಯಂತ್ರ ಆಗಲೂ ಅವನ ಧ್ವನಿಯಲ್ಲಿ, ಮೆಟ್ಟಿಲು ಕಿರಿದಾಗಿವೆ, ಗೋಡೆ ಹಿಡಿದು ಸಾವಕಾಶ ಇಳಿ, ಎಂದು ಅವನ ಹೆಂಡತಿಗೆ ಹೇಳುತ್ತಿತ್ತು.

*

ಇಬ್ಬರೂ ಟಾಂಗಾದಲ್ಲಿ ಮನೆಗೆ ಹೊರಟರು. ಗಾಂಧಿ ಚೌಕ ದಾಟಿದ ಮೇಲೆ ಮುರಿಗೆಪ್ಪ, "ನಿನ್ನ ಗೆರಿ ನಮ್ಮನ್ನ ಮುಳಗಿಸ್ತು," ಎಂದ.

"ಗೆರಿ ನಾ ಎಳೀಲಿಲ್ಲ."

"ಜ್ವಾಳದ ವಿಚಾರ ಮಾಡು ಅಂದಿದ್ದೆ."

"ಮಾಡಿದೆ. ರೋಜಾ ಮುಗಿಯೂತನಾ ಅದನ್ನ ಮಾಡಿದೆ. ಆಮ್ಯಾಲ ಅದು ಮೊಣಕಾಲು ಕೇಳ್ತು. ಎಷ್ಟು ಅಂತ ಜ್ವಾಳ ಹಸನ ಮಾಡ್ಲಿ?"

ಟಾಂಗಾದವನು ಕಿವಿ ಹಿಂದಕ್ಕೆ ಮಾಡಿದ್ದ. ಮುರಿಗೆಪ್ಪ ಧ್ವನಿ ತಗ್ಗಿಸಿದ. "ಆ ಹಾಡಿನ ಮಾತು... ಬಾಗಲದಾಗ ನಿಂದ್ರೂದು... ಅದು ನಂದು. ನಾ ಹೇಳಿದ್ದು ಅದು. ಖರೇನ."

"ಹೌದ್ರೀ," ಎಂದಳು ಸುಗಲಾಬಾಯಿ, ಹಟ ಮಾಡುವವರಿಗೆ ಅನ್ನುವ ಹಾಗೆ.

"ಖರೇ ಅಂತೀನಿ! ಆ ರೇಷ್ಮಾ ಕದ್ದು ಹಿಡಕೊಂಡಾಳ ಅದನ್ನ."

"ಮುಂಜಾನಿ ನೆರಳಿಗೂ ಖರೇ ಅಂದ್ರಿ." ಅವಳು ಸೆರಗು ಸರಿಮಾಡಿಕೊಂಡಳು. "ಇರ್ಲಿ ಬಿಡ್ರಿ. ಕಿವಿಗೆ ಹಾಕುವಾಗ ರೇಷ್ಮಾ ಹೇಳಿದ್ಲು, ಕೇಳಾವ್ರಿಗೆ ಏನು ಹಿಡಸ್ತದೋ ಅದನ್ನ ಹೇಳ್ತದಂತ. ಅದಕ್ಕ ಅದೂ ಸುಳ್ಳ ಅಂತ ನನಗ ಅಲ್ಲೇ ಗೊತ್ತಾತು. ಗೊತ್ತಾದ್ರೂ ಎದಿ ಡವಡವ ಅಂತು. ಏನ್ ಮಾಡ್ಲಿ? ಯಾರೂ ಅಂಥಾ ಸುಳ್ಳಾದ್ರೂ ಹೇಳಿರಲಿಲ್ಲ ನನಗ."

ಮುರಿಗೆಪ್ಪ ಹೇಳಲು ನೋಡಿದ. ಯಾವ ಸಂಜೆ ಯಾವ ಹಾಡು ಎಂದು ಒಂದೆರಡು ನೆನಪು ಮಾಡಿಕೊಟ್ಟ. ಹೇಳುತ್ತ ಹೇಳುತ್ತ ಅವನಿಗೇ ಕೇಳಿಸಿತು: ಧ್ವನಿ ತಾನಾಗಿ ಗ್ಯಾಲರಿಗೆ ಹತ್ತುತ್ತಿತ್ತು, ಸರಿಯಾದ ಜಾಗದಲ್ಲಿ ನಿಲ್ಲುತ್ತಿತ್ತು. ಸುಗಲಾಬಾಯಿ ಒಳ್ಳೆಯ ಪ್ರವಾಸಿಯಂತೆ ತಲೆಯಾಡಿಸಿದಳು.

ಮರುದಿನ ಸಂಜೆ ಅವನು ಮನೆಗೆ ಬಂದಾಗ ಹೊಲಿಗೆ ಯಂತ್ರ ನಡೆದಿತ್ತು, ಹಾಡೂ ನಡೆದಿತ್ತು. ಆದರೆ ಕಾಲು ತುಳಿಯುತ್ತ ಸುಗಲಾಬಾಯಿ ಆಗಾಗ ಕತ್ತೆತ್ತಿ ಬಾಗಿಲಿನ ಕಡೆ ನೋಡುತ್ತಿದ್ದಳು. ಹೊರಗೆ ನಿಂತರೆ ಯಂತ್ರ ಹೇಳಿದ್ದನ್ನು ಕೇಳಿ ನಟಿಸಿದಂತಾಗುತ್ತದೆ. ಅವನು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನುಗ್ಗಿದ. ಅವಳು ಹಾಡು ನಿಲ್ಲಿಸಿ, ಚಾ ಇಡಲು ಎದ್ದಳು.

ಮಂಡಳಿ ಮುಂದಿನ ವಾರ ಪರೀಕ್ಷೆಯ ಫಲ ಪ್ರಕಟಿಸಿತು. ಕಿವಿಗೆಳೆಯ ಗೆದ್ದಿತ್ತು. ಹನ್ನೆರಡು ಮಂದಿ ಗೈಡುಗಳಿಗೆ ಗುಮ್ಮಟದೊಳಗೆ ಪ್ರವೇಶ ನಿಂತಿತು.